ತೆಂಗಿನ ಹಿಟ್ಟಿನ ಪಿಜ್ಜಾ ಬೇಸ್: ಮೈದಾ ಇಲ್ಲ, ಅಕ್ಕಿ ಇಲ್ಲ, ಜೋಳವೂ ಇಲ್ಲ

ತೆಂಗಿನ ಹಿಟ್ಟಿನಲ್ಲಿ ಪಿಜ್ಜಾ ಮಾಡಲು ಹೊರಟವರು ಎಷ್ಟೋ ಜನ ಮೊದಲ ಸಲವೇ ಕೈಬಿಡುತ್ತಾರೆ. ಮೈದಾದ ಅಳತೆಗೇ ಹಿಟ್ಟು ಹಾಕುತ್ತಾರೆ, ಮೈದಾಕ್ಕೆ ಹಾಕಿದಷ್ಟೇ ನೀರು ಹಾಕುತ್ತಾರೆ, ಆಮೇಲೆ ನಾದಲು ಕೂರುತ್ತಾರೆ. ಹಿಟ್ಟು ಒಂದಕ್ಕೊಂದು ಅಂಟುವುದೇ ಇಲ್ಲ. ಪಾತ್ರೆ ತುಂಬ ಒದ್ದೆ ಮರಳು ಇದ್ದ ಹಾಗೆ ಇರುತ್ತದೆ. ಇದು ಗೋಧಿ ಜಾತಿಯ ಹಿಟ್ಟೇ ಅಲ್ಲ, ಹಾಗಾಗಿ ಗೋಧಿಗೆ ನಡೆಯುವ ಯಾವ ಲೆಕ್ಕವೂ ಇದಕ್ಕೆ ನಡೆಯುವುದಿಲ್ಲ. ಆದರೆ ನಿಮಗೆ ಅಕ್ಕಿ ರೊಟ್ಟಿ ತಟ್ಟಿ ಅಭ್ಯಾಸ ಇದ್ದರೆ ಧೈರ್ಯವಾಗಿ ಶುರು ಮಾಡಿ. ಎಳೆದರೆ ಹಿಗ್ಗದ, ತಟ್ಟಿದರೆ ಮಾತ್ರ ಹರಡುವ ಹಿಟ್ಟನ್ನು ಹೇಗೆ ಸಂಭಾಳಿಸಬೇಕು ಅನ್ನುವುದು ನಿಮ್ಮ ಕೈಗೆ ಆಗಲೇ ಗೊತ್ತು.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಗ್ಲುಟನ್ (ಗೋಧಿಯಲ್ಲಿರುವ ಅಂಟು ಪ್ರೋಟೀನ್) ಇಲ್ಲದ್ದು ಬೇರೆ, ಧಾನ್ಯವೇ ಇಲ್ಲದ್ದು ಬೇರೆ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಇವು ಯಾವುದರಲ್ಲೂ ಗ್ಲುಟನ್ ಇಲ್ಲ. ಆದರೆ ಎಲ್ಲವೂ ಧಾನ್ಯಗಳೇ. ಗ್ಲುಟನ್ ಮಾತ್ರ ಬೇಡ ಅನ್ನುವವರಿಗೆ ನಮ್ಮ ಅಡುಗೆಮನೆಯಲ್ಲಿ ದಾರಿ ಬೇಕಾದಷ್ಟಿದೆ, ಜೋಳದ ರೊಟ್ಟಿ ಮೇಲೇ ಚೀಸ್ ಹಾಕಿ ತಿನ್ನಬಹುದು, ಚೆನ್ನಾಗಿಯೂ ಇರುತ್ತದೆ. ಕಾರ್ಬೋಹೈಡ್ರೇಟ್ ಕಡಿಮೆ ಮಾಡಬೇಕು ಅನ್ನುವವರು, ಯಾವ ಧಾನ್ಯವನ್ನೂ ಮುಟ್ಟದ ಊಟದ ಕ್ರಮ ಹಿಡಿದವರು, ಅಂಥವರಿಗೆ ಈ ತೆಂಗಿನ ಹಿಟ್ಟಿನ ಬೇಸ್. ಮೈದಾ ಪಿಜ್ಜಾದ ರುಚಿಯನ್ನೇ ಇದರಲ್ಲಿ ಹುಡುಕಬೇಡಿ. ಎಳೆದರೆ ರಬ್ಬರಿನಂತೆ ಬರುವ ಆ ಮೆತ್ತನೆ ಗುಣ ಇದರಲ್ಲಿ ಬರುವುದಿಲ್ಲ. ಅಂಚು ಗರಿಗರಿ, ನಡು ಮೃದು, ಹಿಂದಿನಿಂದ ಸಣ್ಣಗೆ ಕಾಯಿಯ ಪರಿಮಳ. ನನಗಂತೂ ಅದೇ ಇಷ್ಟ.

ಹಿಟ್ಟು ಯಾವುದು ಅನ್ನುವುದರಲ್ಲೇ ಅರ್ಧ ಕೆಲಸ ಇದೆ

ಅಂಗಡಿಯಲ್ಲಿ ತೆಂಗಿನ ಹೆಸರಿನ ಬಿಳಿ ಪುಡಿಗಳು ಎರಡು ಮೂರು ಬಗೆ ಇರುತ್ತವೆ. ಒಂದು ತೆಂಗಿನ ಹಿಟ್ಟು. ಕಾಯಿಯಿಂದ ಹಾಲು ಅಥವಾ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಪ್ಪೆಯನ್ನು ಒಣಗಿಸಿ ನುಣ್ಣಗೆ ಬೀಸಿದ್ದು. ಇನ್ನೊಂದು ಡೆಸಿಕೇಟೆಡ್ ಕೋಕೋನಟ್, ಅಂದರೆ ಒಣಗಿಸಿದ ಕಾಯಿತುರಿ, ಬರ್ಫಿ ಲಾಡುಗೆ ಹಾಕುವುದು. ಮೂರನೆಯದು ಕೋಕೋನಟ್ ಮಿಲ್ಕ್ ಪೌಡರ್. ಪಿಜ್ಜಾಕ್ಕೆ ಬೇಕಾದದ್ದು ಮೊದಲನೆಯದು ಮಾತ್ರ.

ಹೆಸರು ನೋಡಿ ನಂಬುವುದಕ್ಕಿಂತ ಪ್ಯಾಕೆಟ್ ಹಿಂದೆ ತಿರುಗಿಸಿ ಕೊಬ್ಬಿನ ಅಂಶ ನೋಡಿ. 100 ಗ್ರಾಂಗೆ 10ರಿಂದ 15 ಗ್ರಾಂ ಆಸುಪಾಸು ಇದ್ದರೆ ಅದು ಸರಿಯಾದ ತೆಂಗಿನ ಹಿಟ್ಟು. 60 ಗ್ರಾಂ ಅಂತ ಇದ್ದರೆ ಯಾರೋ ಒಣ ತುರಿಯನ್ನೇ ಪುಡಿ ಮಾಡಿ ತುಂಬಿದ್ದಾರೆ. ಅದರಲ್ಲಿ ಬೇಸ್ ಮಾಡಿದರೆ ಎಣ್ಣೆ ಬಿಟ್ಟುಕೊಂಡು ಜಿಡ್ಡಾಗುತ್ತದೆ, ಎತ್ತಿದರೆ ಮುರಿಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ಮನೆಯಲ್ಲಿದೆ, ಅದನ್ನೇ ತುರಿದು ಬೀಸೋಣ ಅನ್ನುವ ಯೋಚನೆಯೂ ಬೇಡ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಅದು ಚಟ್ನಿಪುಡಿಗೆ, ಹೋಳಿಗೆಗೆ ಬಂಗಾರ, ಇಲ್ಲಿ ಕೆಲಸಕ್ಕೆ ಬಾರದು.

ಮನೆಯಲ್ಲೇ ಮಾಡಿಕೊಳ್ಳುವುದಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಪಾಯಸಕ್ಕೋ ಸ್ಟ್ಯೂಗೋ ಕಾಯಿಹಾಲು ತೆಗೆದಾಗ ಉಳಿದ ಹಿಪ್ಪೆ ಬಹಳ ಸಲ ಕಸಕ್ಕೋ, ದನದ ಬಾನಿಗೋ ಹೋಗುತ್ತದೆ. ಅದೇ ತೆಂಗಿನ ಹಿಟ್ಟಿನ ಕಚ್ಚಾ ಮಾಲು. ಬಲಿತ ಎರಡು ಕಾಯಿ ತುರಿದುಕೊಳ್ಳಿ. ಕರಟಕ್ಕೆ ಅಂಟಿದ ಕಂದು ಭಾಗದವರೆಗೆ ತುರಿಯಬೇಡಿ, ಹಿಟ್ಟಿನ ಬಣ್ಣ ಮಾಸುತ್ತದೆ. ಬಿಸಿನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಬಟ್ಟೆಯಲ್ಲಿ ಹಾಕಿ ಹಾಲು ಹಿಂಡಿ. ಮತ್ತೆ ಬಿಸಿನೀರು ಹಾಕಿ ಎರಡನೇ ಹಾಲು, ಮೂರನೇ ಹಾಲು ತೆಗೆಯಿರಿ. ಹಿಂಡಿದಷ್ಟೂ ಎಣ್ಣೆ ಹೋಗುತ್ತದೆ, ಹಿಟ್ಟು ಹಗುರಾಗುತ್ತದೆ. ಕೊನೆಗೆ ಬರುವ ಹಾಲು ತೆಳ್ಳಗೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದರೆ ಸಾಕು.

ಆ ಹಿಪ್ಪೆಯನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ಓವನ್ ಇದ್ದರೆ ಅದರ ಕಡಿಮೆ ಶಾಖದಲ್ಲಿ, 70ರಿಂದ 80 ಡಿಗ್ರಿಯಲ್ಲಿ, ಮೂರು ನಾಲ್ಕು ಗಂಟೆ ಇಡಿ. ಅರ್ಧ ಗಂಟೆಗೊಮ್ಮೆ ಕೈಯಾಡಿಸಿ. ಬಿಸಿಲಿನಲ್ಲಿ ಒಣಗಿಸುವುದಾದರೆ ಮೇಲೆ ತೆಳು ಬಟ್ಟೆ ಮುಚ್ಚಿ, ಬೇಸಿಗೆಯ ಚುರುಕು ಬಿಸಿಲೇ ಆಗಬೇಕು. ಮಳೆಗಾಲದಲ್ಲಿ ಬಿಸಿಲು ನಂಬಿ ಕೂತರೆ ಹಿಪ್ಪೆ ಹುಳಿ ವಾಸನೆ ಬರುತ್ತದೆ. ಬೆರಳ ನಡುವೆ ಉಜ್ಜಿದಾಗ ಸ್ವಲ್ಪವೂ ತೇವ ತಾಗಬಾರದು, ಸರಸರ ಅನ್ನಬೇಕು. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಒಂದೇ ಸಮನೆ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುವಿ. ಜಾರು ಬಿಸಿಯಾದರೆ ಉಳಿದ ಎಣ್ಣೆ ಹೊರಗೆ ಬಂದು ಹಿಟ್ಟು ಉಂಡೆ ಕಟ್ಟುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಜರಡಿ ಹಿಡಿಯಿರಿ, ಉಳಿದ ತರಿಯನ್ನು ಪಲ್ಯಕ್ಕೆ ಹಾಕಿಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಕಮಟು ವಾಸನೆ ಬಂತೋ, ಬಿಸಾಡಿ. ಆ ವಾಸನೆ ಯಾವ ಬೆಳ್ಳುಳ್ಳಿಗೂ ಮುಚ್ಚುವುದಿಲ್ಲ.

ಮನೆಯ ಹಿಟ್ಟಿನಲ್ಲಿ ಅಂಗಡಿಯದಕ್ಕಿಂತ ಎಣ್ಣೆ ಜಾಸ್ತಿ, ಹಾಗಾಗಿ ನೀರು ಕಡಿಮೆ ಕುಡಿಯುತ್ತದೆ. ಕೆಳಗೆ ಕೊಟ್ಟ ನೀರಿನ ಅಳತೆಯಲ್ಲಿ ಎರಡು ಮೂರು ಚಮಚ ಹಿಡಿದಿಟ್ಟುಕೊಂಡು, ಬೇಕಾದರೆ ಆಮೇಲೆ ಸೇರಿಸಿ.

ಅಂಟು ಎಲ್ಲಿಂದ ಬರುತ್ತದೆ?

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಗೋಧಿ ಹಿಟ್ಟನ್ನು ನಾದಿದಾಗ ಗ್ಲುಟನ್ ಬಲೆಯಂತೆ ಹೆಣೆದುಕೊಳ್ಳುತ್ತದೆ. ಇಟಲಿಯ ನೇಪಲ್ಸ್‌ನಲ್ಲಿ ಪಿಜ್ಜಾ ಮಾಡುವವರು ಉಂಡೆಯನ್ನು ಬರಿಗೈಯಲ್ಲಿ ಹಿಗ್ಗಿಸಿ ಬೇಸ್ ಮಾಡುವುದು ಆ ಬಲೆಯ ಬಲದಿಂದಲೇ. ಆ ಕೈಚಳಕಕ್ಕೆ 2017ರಲ್ಲಿ ಯುನೆಸ್ಕೋ ಮಾನ್ಯತೆಯೂ ಸಿಕ್ಕಿದೆ. ಜೋಳದ ರೊಟ್ಟಿಯಲ್ಲಿ ಗ್ಲುಟನ್ ಇಲ್ಲ, ಅದಕ್ಕೇ ಕುದಿಯುವ ನೀರು ಹಾಕುತ್ತೇವೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ. ತೆಂಗಿನ ಹಿಟ್ಟಿನಲ್ಲಿ ಗ್ಲುಟನ್ನೂ ಇಲ್ಲ, ಹೇಳಿಕೊಳ್ಳುವಷ್ಟು ಪಿಷ್ಟವೂ ಇಲ್ಲ. ಇರುವುದು ನಾರು. 100 ಗ್ರಾಂ ಹಿಟ್ಟಿನಲ್ಲಿ ಸಾಮಾನ್ಯವಾಗಿ 35 ಗ್ರಾಂಗಿಂತ ಜಾಸ್ತಿ ನಾರೇ ಇರುತ್ತದೆ. ಆ ನಾರು ನೀರನ್ನು ಹೀರಿ ಹೀರಿ ಉಬ್ಬುತ್ತದೆ, ಆದರೆ ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ.

ಹಾಗಾಗಿ ಹಿಡಿತವನ್ನು ಹೊರಗಿನಿಂದ ತರಬೇಕು. ಅದಕ್ಕೆ ಎರಡು ವಸ್ತು: ಮೊಟ್ಟೆ ಮತ್ತು ಇಸಬ್ಗೋಲ್. ಮೊಟ್ಟೆ ಬೆಂದಾಗ ಗಟ್ಟಿಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಇಸಬ್ಗೋಲ್ ನೀರು ತಾಗಿದ ಕೂಡಲೇ ಲೋಳೆಯಾಗಿ, ಹಸಿ ಹಿಟ್ಟನ್ನೇ ತಟ್ಟಲು ಬರುವಂತೆ ಮಾಡುತ್ತದೆ. ಇಸಬ್ಗೋಲ್ ಅಂದರೆ ಗುಜರಾತ್, ರಾಜಸ್ಥಾನದ ಕಡೆ ಬೆಳೆಯುವ ಒಂದು ಗಿಡದ ಬೀಜದ ಹೊಟ್ಟು. ಧಾನ್ಯದ ಜಾತಿಯಲ್ಲ. ಯಾವ ಮೆಡಿಕಲ್ ಶಾಪಿನಲ್ಲಾದರೂ ಸಿಗುತ್ತದೆ. ಆದರೆ ಕಿತ್ತಳೆ ರುಚಿಯದ್ದು, ಸಕ್ಕರೆ ಸೇರಿಸಿದ್ದು ತರಬೇಡಿ. ಬರೀ ಹೊಟ್ಟು ಅಂತ ಕೇಳಿ ತನ್ನಿ. ತಂದ ಮೇಲೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿ ಪುಡಿ ಮಾಡಿಕೊಳ್ಳಿ. ಹಾಗೇ ಹಾಕಿದರೂ ಆಗುತ್ತದೆ, ಆದರೆ ಬೇಸ್ ಸ್ವಲ್ಪ ತರಿತರಿಯಾಗಿರುತ್ತದೆ.

ಬೇಕಾಗುವ ಸಾಮಾನು

ಈ ಅಳತೆಗೆ 10 ಇಂಚಿನ ಒಂದು ಬೇಸ್, ಇಲ್ಲವೇ 7 ಇಂಚಿನ ಎರಡು ಆಗುತ್ತದೆ. ನಾನು ಹೇಳುವುದು ಎರಡು ಚಿಕ್ಕದೇ ಮಾಡಿ ಅಂತ. ಮಗುಚಲು ಸುಲಭ, ಸಣ್ಣ ಓಟಿಜಿಯಲ್ಲೂ (ಮನೆಯ ಕರೆಂಟ್ ಓವನ್) ಹಿಡಿಯುತ್ತದೆ.

ತೆಂಗಿನ ಹಿಟ್ಟು 60 ಗ್ರಾಂ, ಅಂದರೆ ಸುಮಾರು ಅರ್ಧ ಕಪ್
ಪುಡಿ ಮಾಡಿದ ಇಸಬ್ಗೋಲ್ 18 ಗ್ರಾಂ, ಸುಮಾರು ಎರಡು ದೊಡ್ಡ ಚಮಚ
ಮೊಟ್ಟೆ 2
ಬಿಸಿನೀರು 160 ಮಿಲಿ
ಎಣ್ಣೆ ಒಂದು ದೊಡ್ಡ ಚಮಚ
ಅಡುಗೆ ಸೋಡಾ ಕಾಲು ಟೀ ಚಮಚ
ನಿಂಬೆರಸ ಒಂದು ಟೀ ಚಮಚ
ಉಪ್ಪು ಅರ್ಧ ಟೀ ಚಮಚ
ಓಮ, ಕುಟ್ಟಿದ ಕಾಳುಮೆಣಸು, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ

ಸಾಧ್ಯವಿದ್ದರೆ ತೂಕದ ಮಾಪನ ಇಟ್ಟುಕೊಳ್ಳಿ. ಈ ಹಿಟ್ಟನ್ನು ಕಪ್ಪಿನಲ್ಲಿ ಒತ್ತಿ ತುಂಬಿದರೆ ಒಂದು ಲೆಕ್ಕ, ಸುಮ್ನೆ ಸುರಿದರೆ ಒಂದು ಲೆಕ್ಕ. ಮೈದಾದಲ್ಲಿ ಹತ್ತು ಗ್ರಾಂ ಹೆಚ್ಚುಕಮ್ಮಿ ಆದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಹತ್ತು ಗ್ರಾಂ ಜಾಸ್ತಿಯಾದರೆ ಬೇಸ್ ಒಣಗಿ ಬಿರಿಯುತ್ತದೆ. ಇಸಬ್ಗೋಲ್ ಅಂತೂ ಪುಡಿ ಮಾಡದೆ ಚಮಚದಲ್ಲಿ ಅಳೆದರೆ ಅರ್ಧದಷ್ಟೂ ಬರುವುದಿಲ್ಲ, ಅಷ್ಟು ಹಗುರ.

ಬೇಕಿಂಗ್ ಪೌಡರ್ ಯಾಕೆ ಇಲ್ಲ ಅಂತ ಕೇಳಬಹುದು. ಹೆಚ್ಚಿನ ಬೇಕಿಂಗ್ ಪೌಡರ್‌ಗಳಲ್ಲಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಅದು ಧಾನ್ಯ. ಸೋಡಾಕ್ಕೆ ನಿಂಬೆಹುಳಿ ಸೇರಿದರೆ ಅದೇ ಕೆಲಸ ನಡೆಯುತ್ತದೆ. ತೆಂಗಿನ ಹಿಟ್ಟಿಗೆ ಸ್ವಂತ ಸಿಹಿ ಇದೆ, ಅದಕ್ಕೇ ಓಮ, ಮೆಣಸು, ಬೆಳ್ಳುಳ್ಳಿಯಲ್ಲಿ ಕೈಬಿಗಿ ಮಾಡಬೇಡಿ. ಇವು ಇಲ್ಲದಿದ್ದರೆ ಬೇಸ್ ಕೇಕಿನ ಕಡೆಗೆ ವಾಲುತ್ತದೆ.

ಹಿಟ್ಟು ಕಲಸುವುದು

ಅಗಲವಾದ ಪಾತ್ರೆಯಲ್ಲಿ ತೆಂಗಿನ ಹಿಟ್ಟು, ಇಸಬ್ಗೋಲ್, ಉಪ್ಪು, ಸೋಡಾ ಹಾಕಿ ಒಣದಾಗಿಯೇ ಚೆನ್ನಾಗಿ ಬೆರೆಸಿ. ಹಿಟ್ಟಿನ ಗಂಟು ಇದ್ದರೆ ಬೆರಳಿನಿಂದ ಒಡೆಯಿರಿ. ಇಸಬ್ಗೋಲ್ ಒಂದೇ ಕಡೆ ಉಳಿದರೆ ನೀರು ಬಿದ್ದ ಕೂಡಲೇ ಅಲ್ಲೇ ಲೋಳೆಯ ಉಂಡೆ ಆಗುತ್ತದೆ, ಆಮೇಲೆ ಅದನ್ನು ಒಡೆಯಲು ಆಗುವುದಿಲ್ಲ. ಸೋಡಾ ಕೂಡ ಹಾಗೇ. ಒಂದು ಚಿಟಿಕೆ ಸೋಡಾ ಗಂಟಾಗಿ ಬಾಯಿಗೆ ಸಿಕ್ಕಿದರೆ ಇಡೀ ಪಿಜ್ಜಾದ ರುಚಿ ಕೆಡುತ್ತದೆ.

ಮೊಟ್ಟೆಯನ್ನು ಬೇರೆ ಬಟ್ಟಲಲ್ಲಿ ಎಣ್ಣೆ, ಬೆಳ್ಳುಳ್ಳಿ, ಓಮ, ಮೆಣಸಿನ ಜೊತೆ ಕಡೆದುಕೊಳ್ಳಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಟ್ಟೆ ಬೇಡ, ಸ್ವಲ್ಪ ಹೊತ್ತು ಹೊರಗಿಟ್ಟಿರಿ. ಅದನ್ನು ಹಿಟ್ಟಿಗೆ ಸುರಿದು ಸೌಟಿನಲ್ಲಿ ಕಲಸಿ. ಈಗ ಅದು ಪುಡಿಪುಡಿಯಾಗಿ, ಒದ್ದೆ ಅವಲಕ್ಕಿಯ ಥರ ಕಾಣುತ್ತದೆ. ಗಾಬರಿ ಬೇಡ. ಬಿಸಿನೀರಿಗೆ ನಿಂಬೆರಸ ಹಾಕಿ, ಧಾರೆಯಾಗಿ ಸುರಿಯುತ್ತಾ ಕೈಬಿಡದೆ ತಿರುಗಿಸಿ. ನೀರು ಕೈಗೆ ಚುರುಕ್ ಅನ್ನುವಷ್ಟು ಬಿಸಿ ಇರಲಿ. ಕುದಿಯುವುದನ್ನು ಒಂದೇ ಜಾಗಕ್ಕೆ ಸುರಿದರೆ ಅಲ್ಲಿನ ಮೊಟ್ಟೆ ಬೆಂದು ಚೂರುಚೂರಾಗುತ್ತದೆ.

ನೀರು ಹಾಕಿದಾಗ ಹಿಟ್ಟು ತೀರಾ ನೀರಾಯಿತು ಅನಿಸುತ್ತದೆ. ಇಲ್ಲೇ ಎಲ್ಲರೂ ಇನ್ನೊಂದು ಚಮಚ ಹಿಟ್ಟು ಹಾಕುವುದು. ಹಾಕಬೇಡಿ. ಏಳೆಂಟು ನಿಮಿಷ ಮುಚ್ಚಿಟ್ಟು ಬೇರೆ ಕೆಲಸ ನೋಡಿ. ಬಂದು ತೆರೆದಾಗ ಪಾತ್ರೆಯಲ್ಲಿರುವುದು ಬೇರೆಯೇ ಹಿಟ್ಟು. ಮೇಲ್ಮೈಯ ಹೊಳಪು ಹೋಗಿ ಮಂಕಾಗಿರುತ್ತದೆ, ಪಾತ್ರೆಯ ಅಂಚಿನಿಂದ ತಾನೇ ಬಿಟ್ಟುಕೊಂಡಿರುತ್ತದೆ. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ನಿಧಾನಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಒಂದು ನಿಂಬೆಗಾತ್ರ ತೆಗೆದು ಅಂಗೈಯಲ್ಲಿ ಚಪ್ಪಟೆ ಮಾಡಿ. ಅಂಚು ಬಿರಿದರೆ ಒಂದು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ಕಲಸಿ. ಅಂಗೈಗೆ ಮೆತ್ತಿಕೊಂಡು ಬಿಡದೇ ಇದ್ದರೆ ಇನ್ನೂ ಐದು ನಿಮಿಷ ಕಾಯಿರಿ. ಆಗಲೂ ಬಿಡದಿದ್ದರೆ ಮಾತ್ರ ಅರ್ಧ ಚಮಚ ತೆಂಗಿನ ಹಿಟ್ಟು. ನಾದುವ ಅಗತ್ಯ ಇಲ್ಲವೇ ಇಲ್ಲ. ನಾದಿದರೆ ಬರುವ ಬಲೆ ಇದರಲ್ಲಿ ಇಲ್ಲ ಅಲ್ವಾ? ಉಂಡೆ ಕಟ್ಟಲು ಬಂದರೆ ಮುಗಿಯಿತು. ತುಂಬ ಹೊತ್ತು ಬಿಟ್ಟರೆ ಸೋಡಾದ ಗಾಳಿ ಹೋಗಿ ಬೇಸ್ ಗಟ್ಟಿಯಾಗುತ್ತದೆ, ಹಾಗಾಗಿ ಓವನ್ ಮೊದಲೇ ಕಾಯಲು ಇಟ್ಟಿರಿ.

ತಟ್ಟುವುದು

ಇದಕ್ಕೆ ಲಟ್ಟಣಿಗೆಗಿಂತ ಕೈ ಒಳ್ಳೆಯದು. ಟ್ರೇ ಮೇಲೆ ಬೇಕಿಂಗ್ ಪೇಪರ್ ಹಾಸಿ, ಎಣ್ಣೆ ಸವರಿ. ನಮ್ಮ ಕಡೆ ಬಟರ್ ಪೇಪರ್ ಅಂತ ಮಾರುವ ಕೆಲವು ತೆಳು ಕಾಗದಗಳು ಬಿಸಿಗೆ ಹಿಟ್ಟಿಗೇ ಅಂಟಿಕೊಂಡುಬಿಡುತ್ತವೆ. ಬೇಕಿಂಗ್‌ಗೆ ಅಂತಲೇ ಬರೆದಿರುವುದನ್ನು ತನ್ನಿ. ಉಂಡೆಯನ್ನು ನಡುವೆ ಇಟ್ಟು, ಕೈ ಒದ್ದೆ ಮಾಡಿಕೊಂಡು, ನಡುವಿನಿಂದ ಅಂಚಿಗೆ ತಟ್ಟುತ್ತಾ ಬನ್ನಿ. ಬೆರಳ ತುದಿಯಲ್ಲಿ ಒತ್ತಿ ಒಂದು ಸುತ್ತು, ಅಂಗೈಯಲ್ಲಿ ಸವರಿ ಒಂದು ಸುತ್ತು. ಕೈ ಒಣಗಿದ ಕೂಡಲೇ ಮತ್ತೆ ನೀರಿಗೆ ಅದ್ದಿ. ದಪ್ಪ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ನಡುವೆ ಮತ್ತು ಅಂಚಿನಲ್ಲಿ ಒಂದೇ ಸಮ.

ತೆಳ್ಳಗಿನ ಅಂಚು ನೋಡಲು ಚಂದ, ಆದರೆ ಓವನ್‌ನಲ್ಲಿ ಮೊದಲು ಕರಕಲಾಗುವುದು ಅದೇ. ಹಾಗಾಗಿ ತಟ್ಟಿದ ಮೇಲೆ ಒದ್ದೆ ಬೆರಳಿನಿಂದ ಅಂಚನ್ನು ಒಳಕ್ಕೆ ನೂಕಿ ಸ್ವಲ್ಪ ಎತ್ತರಿಸಿ. ಬಿರುಕು ಕಂಡರೆ ಈಗಲೇ ಮುಚ್ಚಿ. ಹಸಿಯಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ಬೆಂದ ಮೇಲೆ ಬೇಸನ್ನೇ ಎರಡು ಮಾಡುತ್ತದೆ.

ಮೊದಲ ಬೇಯುವಿಕೆ

ನೇಪಲ್ಸ್‌ನ ಕಟ್ಟಿಗೆ ಒಲೆಯಲ್ಲಿ 430 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖಕ್ಕೆ ಪಿಜ್ಜಾ ಒಂದು, ಒಂದೂವರೆ ನಿಮಿಷದಲ್ಲಿ ಬೆಂದು ಬರುತ್ತದೆ. ನಮ್ಮ ಬೇಸ್‌ಗೆ ಅದರ ತದ್ವಿರುದ್ಧ ಬೇಕು. ಒಳಗೆ ನೀರು ತುಂಬ ಇದೆ, ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಆದ್ದರಿಂದ ಸಾಸ್, ಚೀಸ್ ಏನನ್ನೂ ಹಾಕದೆ ಬರೀ ಬೇಸನ್ನೇ ಮೊದಲು ಬೇಯಿಸಿಕೊಳ್ಳಿ. ಈ ಹಂತ ಬಿಡಬೇಡಿ. ಬಿಟ್ಟರೆ ಮೇಲೆ ಚೀಸ್ ಸುಟ್ಟಿರುತ್ತದೆ, ಕೆಳಗೆ ಹಿಟ್ಟು ಹಸಿ ಇರುತ್ತದೆ.

ಓಟಿಜಿಯನ್ನು 180 ಡಿಗ್ರಿಗೆ, ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, ಹದಿನೈದು ನಿಮಿಷ ಕಾಯಿಸಿ. ಟ್ರೇಯನ್ನು ನಡುವಿನ ಅರೆಯಲ್ಲಿಟ್ಟು 20 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡು ಮುಟ್ಟಿದರೆ ಒಣಗಿರಬೇಕು. ಹೊರಗೆ ತೆಗೆದು ಮೇಲೊಂದು ತಟ್ಟೆ ಕವುಚಿ ಮಗುಚಿ, ಕಾಗದ ನಿಧಾನಕ್ಕೆ ಬಿಡಿಸಿ, ತಳ ಮೇಲಾಗಿರುವ ಹಾಗೆ ಇನ್ನೂ 6ರಿಂದ 8 ನಿಮಿಷ ಇಡಿ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಮೆತ್ತಗೆ ಧಪ್ ಅಂದರೆ ಇನ್ನೂ ಒದ್ದೆ ಇದೆ, ಟಕ್ ಅಂತ ಒಣ ಸದ್ದು ಬಂದರೆ ಆಯಿತು. ಪ್ರತಿ ಓವನ್‌ನ ಸ್ವಭಾವ ಬೇರೆ, ಸಣ್ಣದರಲ್ಲಿ ಕಾಯಿಲ್ ಹತ್ತಿರ ಇರುವುದರಿಂದ ಬೇಗ ಕಪ್ಪಾಗುತ್ತದೆ. ಗಡಿಯಾರಕ್ಕಿಂತ ಬಣ್ಣ ನೋಡಿ.

ಬೆಂದ ಬೇಸನ್ನು ಜಾಲರಿ ಮೇಲೆ ಐದು ನಿಮಿಷ ಆರಲು ಬಿಡಿ. ತಟ್ಟೆ ಮೇಲೆ ಇಟ್ಟರೆ ಹಬೆ ಕೆಳಗೇ ಸಿಕ್ಕಿಕೊಂಡು ಅಷ್ಟು ಹೊತ್ತು ಒಣಗಿಸಿದ್ದು ಮತ್ತೆ ಒದ್ದೆಯಾಗುತ್ತದೆ.

ಓವನ್ ಇಲ್ಲದವರಿಗೆ, ಮೊಟ್ಟೆ ತಿನ್ನದವರಿಗೆ

ಎರಡಕ್ಕೂ ಒಂದೇ ಉತ್ತರ ಇದೆ: ತೆಳ್ಳಗೆ, ಚಿಕ್ಕದಾಗಿ, ಕಾವಲಿ ಮೇಲೆ. ಮೊಟ್ಟೆ ಇಲ್ಲದ ದಪ್ಪ ಬೇಸ್ ನಡುವೆ ಅಂಟಂಟಾಗಿ ಉಳಿಯುತ್ತದೆ, ಎಷ್ಟು ಬೇಯಿಸಿದರೂ ಸರಿಹೋಗುವುದಿಲ್ಲ. ತೆಳ್ಳಗೆ ಮಾಡಿದರೆ ಆ ತೊಂದರೆ ಇಲ್ಲ.

60 ಗ್ರಾಂ ತೆಂಗಿನ ಹಿಟ್ಟಿಗೆ 20 ಗ್ರಾಂ ಇಸಬ್ಗೋಲ್ ಪುಡಿ, ಒಂದು ದೊಡ್ಡ ಚಮಚ ಎಣ್ಣೆ, ಕಾಲು ಟೀ ಚಮಚ ಸೋಡಾ, ಉಪ್ಪು, ಓಮ, ಒಂದು ಟೀ ಚಮಚ ನಿಂಬೆರಸ. ನೀರು ಒಂದು ಪೂರ್ತಿ ಕಪ್, ಅಂದರೆ 240 ಮಿಲಿ, ಬೆಚ್ಚಗಿನದು. ಮೊಟ್ಟೆಯ ಒದ್ದೆ ಇಲ್ಲದ್ದರಿಂದ ನೀರು ಜಾಸ್ತಿ. ಕಲಸಿ ಹತ್ತು ನಿಮಿಷ ಬಿಟ್ಟು ನಾಲ್ಕು ಉಂಡೆ ಮಾಡಿ. ಬಾಳೆಲೆಯ ತುಂಡಿಗೆ ಎಣ್ಣೆ ಸವರಿ, ಅದರ ಮೇಲೆ 6 ಇಂಚಿನಗಲ ತಟ್ಟಿ. ಕಬ್ಬಿಣದ ಕಾವಲಿ ಮಧ್ಯಮ ಉರಿಯಲ್ಲಿ ಕಾದ ಮೇಲೆ ಎಲೆ ಸಮೇತ ಕವುಚಿ ಹಾಕಿ, ಅರ್ಧ ನಿಮಿಷ ಬಿಟ್ಟು ಎಲೆ ಸುಲಿಯಿರಿ. ಬಾಳೆಲೆ ಸಿಗದ ಊರಿನಲ್ಲಿರುವವರು ಬೇಕಿಂಗ್ ಪೇಪರ್ ಬಳಸಿ. ಒಂದೊಂದು ಬದಿ ಮೂರು ನಾಲ್ಕು ನಿಮಿಷ, ಕಂದು ಚುಕ್ಕೆ ಮೂಡುವವರೆಗೆ. ಅವಸರ ಮಾಡಿ ಮಗುಚಿದರೆ ಹರಿಯುತ್ತದೆ. ಬೆಂದ ಬದಿ ತಾನೇ ಕಾವಲಿ ಬಿಡುತ್ತದೆ, ಅಲ್ಲಿಯವರೆಗೆ ಕಾಯಿರಿ.

ಚೀಸ್ ಹಾಕಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ ಇಡಿ. ಕಾವಲಿಯಲ್ಲಿ ಮೇಲಿನಿಂದ ಬಿಸಿ ಬರುವುದಿಲ್ಲ. ಹಾಗಾಗಿ ಚೀಸ್ ಕರಗುತ್ತದೆ, ಕೆಂಪಗಾಗುವುದಿಲ್ಲ. ಮುಚ್ಚಳದ ಹಬೆ ನೀರು ಪಿಜ್ಜಾ ಮೇಲೆ ತೊಟ್ಟಿಕ್ಕದಂತೆ ನಡುವೆ ಒಮ್ಮೆ ಮುಚ್ಚಳ ತೆಗೆದು ಒರೆಸಿ.

ಮೇಲೆ ಹಾಕುವುದು

ಟೊಮೆಟೊ ಸಾಸ್ ಮನೆಯಲ್ಲೇ ಮಾಡಿ. ನಾಲ್ಕು ಹಣ್ಣಾದ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಉಪ್ಪು. ಬಾಣಲೆಯಲ್ಲಿ ಎಳೆದ ಗೆರೆ ಹಾಗೇ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಬೇಯಿಸಿ. ನೀರು ಸಾಸ್ ಈ ಬೇಸ್‌ಗೆ ಶತ್ರು. 7 ಇಂಚಿಗೆ ಎರಡು ಚಮಚಕ್ಕಿಂತ ಜಾಸ್ತಿ ಬೇಡ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನು ಹುರಿದು ತರಿತರಿಯಾಗಿ ಕುಟ್ಟಿ ಹಾಕಿ. ಬಣ್ಣ ಚೆನ್ನಾಗಿ ಬರುತ್ತದೆ, ಖಾರ ಹಿತವಾಗಿರುತ್ತದೆ, ಕಾಯಿಯ ಸಿಹಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಅಣಬೆ ಹಸಿಯಾಗಿ ಹಾಕಬೇಡಿ. ಒಣ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಬಾಡಿಸಿ ನೀರು ಇಂಗಿಸಿ. ಅಣಬೆಯಲ್ಲಿ ಇದು ತೀರಾ ಮುಖ್ಯ, ಅದರಿಂದ ಬರುವ ನೀರು ನೋಡಿದರೆ ಯಾಕೆ ಅಂತ ನಿಮಗೇ ತಿಳಿಯುತ್ತದೆ. ಮೊಝರೆಲ್ಲಾ 7 ಇಂಚಿಗೆ 50 ಗ್ರಾಂ ಸಾಕು. ಮೊದಲು ತೆಳ್ಳಗೆ ಚೀಸ್ ಉದುರಿಸಿ, ಆಮೇಲೆ ಸಾಸನ್ನು ಅಲ್ಲಲ್ಲಿ ಚಮಚದಲ್ಲಿ ಇಟ್ಟು, ತರಕಾರಿ ಹರಡಿ, ಉಳಿದ ಚೀಸ್ ಹಾಕಿ. ಕೆಳಗಿನ ಚೀಸ್ ಕರಗಿ ಪದರ ಕಟ್ಟಿ ಸಾಸಿನ ನೀರು ಬೇಸ್‌ಗೆ ಇಳಿಯದಂತೆ ತಡೆಯುತ್ತದೆ. ಓವನ್ 200 ಡಿಗ್ರಿಗೆ ಏರಿಸಿ 8ರಿಂದ 10 ನಿಮಿಷ. ತೆಗೆದ ಮೇಲೆ ಮೂರು ನಿಮಿಷ ಬಿಟ್ಟು ಕತ್ತರಿಸಿ.

ಧಾನ್ಯ ಪೂರ್ತಿ ಬಿಟ್ಟವರು ಇಲ್ಲಿ ಎಚ್ಚರ ಇರಬೇಕು. ಬೇಸಿನಲ್ಲಿ ಬಿಟ್ಟಿದ್ದು ಮೇಲಿನಿಂದ ಒಳಗೆ ಬರುತ್ತದೆ. ಸ್ವೀಟ್ ಕಾರ್ನ್ ಮಕ್ಕಳಿಗೆ ಪ್ರೀತಿ, ಆದರೆ ಅದು ಮೆಕ್ಕೆಜೋಳವೇ. ತುರಿದು ಪ್ಯಾಕ್ ಮಾಡಿದ ಚೀಸ್ ಅಂಟದಿರಲಿ ಅಂತ ಬಹಳ ಸಲ ಪಿಷ್ಟ ಉದುರಿಸಿರುತ್ತಾರೆ, ಹಾಗಾಗಿ ಗಟ್ಟಿ ಚೀಸ್ ತಂದು ನೀವೇ ತುರಿಯಿರಿ. ಪನೀರ್ ಟಾಪಿಂಗ್‌ಗೆ ಒಗ್ಗರಣೆ ಕೊಟ್ಟು ಇಂಗು ಹಾಕುವ ಅಭ್ಯಾಸ ಇದ್ದರೆ ಇಂಗಿನ ಡಬ್ಬಿ ಓದಿ. ಅಂಗಡಿಯ ಕೂಡಿಸಿದ ಇಂಗಿನಲ್ಲಿ ಗೋಧಿ ಹಿಟ್ಟೋ ಮೈದಾವೋ ಬಹಳ ಸಲ ಸೇರಿರುತ್ತದೆ. ಸೀಲಿಯಾಕ್ ಕಾಯಿಲೆ (ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರಿಗೆ ಆ ಚಿಟಿಕೆಯೂ ತೊಂದರೆಯೇ. ಅವರಿಗೆ ಮಾಡುವಾಗ ಹಿಟ್ಟಿನ ಪ್ಯಾಕೆಟ್ ಮೇಲೂ ಗ್ಲುಟನ್ ಫ್ರೀ ಅಂತ ಇದೆಯೇ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು. ಗೋಧಿ ಜರಡಿ ಹಿಡಿದ ಜರಡಿಯನ್ನೇ ಇದಕ್ಕೂ ಬಳಸಬೇಡಿ, ಚಪಾತಿ ಮಣೆಯನ್ನೂ ಅಷ್ಟೇ.

ಇನ್ನೊಂದು ಮಾತು. ಇದರಲ್ಲಿ ನಾರು ಜಾಸ್ತಿ, ಮೇಲಾಗಿ ಇಸಬ್ಗೋಲ್ ಬೇರೆ. ಅಭ್ಯಾಸ ಇಲ್ಲದವರು ಮೊದಲ ದಿನವೇ ಒಂದು ಪೂರ್ತಿ ಪಿಜ್ಜಾ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ತುಂಡಿನಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ದಿನವೂ ಮಾತ್ರೆ ತೆಗೆದುಕೊಳ್ಳುವವರು ಅದೇ ಹೊತ್ತಿಗೆ ಇಸಬ್ಗೋಲ್ ತಿನ್ನಬಾರದು, ಮಾತ್ರೆ ಮೈಗೆ ಹತ್ತುವುದನ್ನು ಅದು ತಡೆಯಬಹುದು. ಎಷ್ಟು ಅಂತರ ಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇರುವವರಿಗೆ ಮೈದಾ ಬೇಸಿಗಿಂತ ಇದರಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ ಅನ್ನುವುದು ನಿಜ, ಆದರೆ ಚೀಸು, ಎಣ್ಣೆಯ ಲೆಕ್ಕ ಇದ್ದೇ ಇದೆ.

ಕೆಟ್ಟರೆ ಏನು ಕಾರಣ

ಬೇಸ್ ಬಾಯಲ್ಲಿ ಒಣಗಿ ಗಂಟಲು ಹಿಡಿದರೆ ನೀರು ಕಡಿಮೆಯಾಗಿದೆ, ಇಲ್ಲವೇ ಹಿಟ್ಟು ಒತ್ತಿ ಅಳೆದಿದ್ದೀರಿ. ಹೊರದೇಶದ ಅಂಗಡಿಗಳಲ್ಲಿ ಸಿಗುವ ಕೆಲವು ಹಿಟ್ಟುಗಳಲ್ಲಿ ಎಣ್ಣೆ ಇನ್ನೂ ಕಡಿಮೆ, ಅವು ಇನ್ನೊಂದೆರಡು ಚಮಚ ನೀರು ಬೇಡುತ್ತವೆ. ಹೊಸ ಪ್ಯಾಕೆಟ್ ತಂದಾಗಲೆಲ್ಲ ನೀರಿನ ಹದ ಮತ್ತೆ ನೋಡಿಕೊಳ್ಳಬೇಕು.

ಒಳಗೆ ನೇರಳೆಯೋ ಬೂದಿಯೋ ಬಣ್ಣ ಬಂದರೆ ಹೆದರಬೇಡಿ. ಕೆಲವು ಇಸಬ್ಗೋಲ್ ಬೆಂದಾಗ ಹಾಗೆ ಆಗುತ್ತದೆ, ತಿನ್ನಲು ತೊಂದರೆ ಇಲ್ಲ. ನೋಡಲು ಇಷ್ಟವಾಗದಿದ್ದರೆ ಬೇರೆ ಕಂಪನಿಯದ್ದು ತನ್ನಿ. ಮೊಟ್ಟೆ ವಾಸನೆ ಜಾಸ್ತಿ ಅನಿಸಿದರೆ ಓಮ, ಬೆಳ್ಳುಳ್ಳಿ ಹೆಚ್ಚಿಸಿ. ಮೊಟ್ಟೆ ಕಡಿಮೆ ಮಾಡಲು ಹೋದರೆ ಬೇಸ್ ಮುರಿಯುತ್ತದೆ. ನಡು ಮಾತ್ರ ಹಸಿ ಉಳಿಯುತ್ತಿದ್ದರೆ ನೀವು ತಟ್ಟುವಾಗ ನಡುವೆ ದಪ್ಪ ಬಿಟ್ಟಿದ್ದೀರಿ.

ಉಳಿಸಿ ಇಡುವುದು

ಒಮ್ಮೆ ಕೂತರೆ ಎರಡು ಮೂರು ಪಾಲು ಮಾಡಿ ಇಟ್ಟುಕೊಳ್ಳುವುದೇ ಜಾಣತನ. ಮೊದಲ ಬೇಯುವಿಕೆ ಮುಗಿದ ಬೇಸನ್ನು ಪೂರ್ತಿ ಆರಿಸಿ. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಹೆಚ್ಚು ದಿನಕ್ಕಾದರೆ ಬೇಸಿನ ನಡುವೆ ಬೇಕಿಂಗ್ ಪೇಪರ್ ಇಟ್ಟು, ಗಾಳಿ ಹೋಗದ ಚೀಲದಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ತಿಂಗಳೊಳಗೆ ಬಳಸಿ. ತೆಗೆದಾಗ ಕರಗಲು ಬಿಡಬೇಡಿ, ಕರಗಿದರೆ ಮೆತ್ತಗಾಗುತ್ತದೆ. ಗಡ್ಡೆಕಟ್ಟಿದ್ದನ್ನೇ 180 ಡಿಗ್ರಿ ಓವನ್‌ಗೆ ಹಾಕಿ, ಐದಾರು ನಿಮಿಷದಲ್ಲಿ ಅಂಚು ಮತ್ತೆ ಗರಿಗರಿಯಾದ ಮೇಲೆ ಚೀಸ್ ಉದುರಿಸಿ.